ಮುರುಗಲು ತುಪ್ಪ ಮತ್ತು ಬೂಟಿನ ನಾಲಿಗೆ

ಮೊನ್ನೆ ಶಿರಸಿಯಿಂದ ಬಂದ ಮೊಮ್ಮಗಳು, ನನ್ನ ಒಡೆದ ಹಿಮ್ಮಡಿಗೆ ಹಚ್ಚಲೆಂದು ಮುರುಗಲು ಬೀಜದಿಂದ ಕಾಸಿ ತೆಗೆದ ತುಪ್ಪದ ಉಂಡೆಯೊಂದನ್ನು ತಂದುಕೊಟ್ಟಳು. ಫೂಟ್ ಕ್ರೀಮಿನ ಟ್ಯೂಬು ಕೈಗೆಟಕುವಷ್ಟು ಹತ್ತಿರವೇ ಇತ್ತು. ಆದರೂ ನಾನು ಆ ಬಿಳಿ ಉಂಡೆಯನ್ನು ಮೂಗಿಗೆ ಹಿಡಿದೆ. ಅಷ್ಟೇನೂ ವಾಸನೆಯಿಲ್ಲದ ಪದಾರ್ಥ ಅದು. ನನಗೆ ಮಾತ್ರ ಪೆಟ್ರೋಲು, ಒದ್ದೆ ಚರ್ಮ, ಕಾಳಿ ಹೊಳೆಯ ಕೆಂಪು ನೀರು... ಎಲ್ಲ ಒಟ್ಟಿಗೇ ಬಂತು. ಹಿಂದೆಯೇ ಮೋಟಾರ್ ಮಾಮು ಬಂದರು.

ಮೂವತ್ತರ ದಶಕದಲ್ಲಿ ನಾವಿದ್ದದ್ದು ಯಲ್ಲಾಪುರ ತಾಲೂಕಿನ ಅಂಚಿಗೆ, ಹೊಳೆ ದಡದ ಟಿಂಬರ್ ಡಿಪೋದಲ್ಲಿ. ಅಪ್ಪಯ್ಯ ಅಲ್ಲಿ ಕ್ಲಾರ್ಕು. ಡಿಪೋದ ಕಂತ್ರಾಟುದಾರರು ಮುಂಬಯಿಯಿಂದ ಔಟ್‌ಬೋರ್ಡ್ ಮೋಟಾರು ತರಿಸಿ ದೋಣಿಯ ಹಿಂಬದಿಗೆ ಸಿಕ್ಕಿಸಿದ್ದರು. ಅದನ್ನು ನಡೆಸಲು ಶಿರಸಿಯಿಂದ ಬಸ್ ಡ್ರೈವರೊಬ್ಬರನ್ನು ಕರೆಸಿದ್ದರು. ನೆಂಟರಲ್ಲದಿದ್ದರೂ ನಾನು ಮಾಮು ಎನ್ನುತ್ತಿದ್ದದ್ದು ಅವರನ್ನೇ. ತಲೆಗೆ ಫೆಲ್ಟ್ ಹ್ಯಾಟು, ಕಿವಿಯಲ್ಲಿ ಅತ್ತರಿನ ಹತ್ತಿ. ದೇವಿಮನೆ ಘಾಟಿಯಲ್ಲಿ ಬ್ರೇಕಿಲ್ಲದೆ ಬಸ್ಸಿಳಿಸಿದ ಕತೆಯನ್ನು ಹೇಳಿದ ಸಲವೆಲ್ಲ ಘಾಟಿ ಇನ್ನಷ್ಟು ಉದ್ದವಾಗುತ್ತಿತ್ತು. ಮಾಡೆಸ್ಟಿ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

ಆಯಿ, ಅಂದರೆ ನನ್ನ ಅಮ್ಮ, ಅವರೊಂದಿಗೆ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ, ಪರಗಂಡಸಿನೊಡನೆ ನೇರವಾಗಿ ಮಾತಾಡುವ ರೂಢಿ ಅವಳಿಗಿರಲಿಲ್ಲ, ಅಷ್ಟೆ. ಅವಳು ಜಗಲಿಯ ಬಾಗಿಲಲ್ಲಿ, ಮಾಮು ಅಂಗಳದಲ್ಲಿ, ನಾನು ನಡುವೆ. ಅವಳು ಹೇಳಿದ್ದು ಅವರಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ನಾನು ಇನ್ನೊಮ್ಮೆ ಹೇಳಿದ ಮೇಲೆಯೇ ಮಾಮು ಉತ್ತರ ಕೊಡುತ್ತಿದ್ದರು, ಅದೂ ನನಗೆ. ಹತ್ತು ವರ್ಷದ ನಾನು ಅವರಿಬ್ಬರ ಟೆಲಿಫೋನು.

ಆ ಜೂನಿನಲ್ಲಿ ನನಗೆ ಧಾರವಾಡದ ಕಾನ್ವೆಂಟಿನಲ್ಲಿ ಸೀಟು ಸಿಕ್ಕಿತ್ತು. ಹುಡುಗಿಗೆ ಇಂಗ್ಲಿಷ್ ಯಾಕೆ ಎಂದ ನೆಂಟರ ಬಾಯಿ ಮುಚ್ಚಿಸಿ, ಅಪ್ಪಯ್ಯನನ್ನು ಒಪ್ಪಿಸಿದವಳು ಆಯಿಯೇ. ಸೋಮವಾರದೊಳಗೆ ಬರದಿದ್ದರೆ ಸೀಟು ಬೇರೆಯವರಿಗೆ ಎಂದು ಮದರ್ ಸುಪೀರಿಯರ್ ಖಡಾಖಂಡಿತವಾಗಿ ಹೇಳಿದ್ದರು. ಬಸ್ಸು ಸಿಗುವುದು ಆಚೆ ದಡದಲ್ಲಿ. ಹೊಳೆ ಏರಿತ್ತು, ಹುಟ್ಟು ಹಾಕುವ ದೋಣಿ ನಿಂತುಹೋಗಿತ್ತು. ಇದ್ದದ್ದು ಮೋಟಾರು ದೋಣಿಯೊಂದೇ. ಅದು ಶುಕ್ರವಾರ ಮಧ್ಯಹೊಳೆಯಲ್ಲಿ ಕರಕರ ಎಂದು ನಿಂತು, ಮಾಮುವನ್ನು ಹೊತ್ತು ಕೆಳಗಿನ ತಿರುವಿನ ಮರದ ಬೇರಿಗೆ ಹೋಗಿ ತಗುಲಿಕೊಂಡಿತ್ತು.

ಶನಿವಾರ ಬೆಳಿಗ್ಗೆ ಮಾಮು ಮೋಟಾರನ್ನು ನಮ್ಮ ಅಂಗಳಕ್ಕೇ ಹೊತ್ತು ತಂದರು. ನೀರಿನೊಳಗೆ ಮುಳುಗಿರುವ, ಗೇರುಗಳಿರುವ ಕೆಳಭಾಗವನ್ನು ಅವರು "ಕಾಲು" ಎನ್ನುತ್ತಿದ್ದರು. ಕಾಲಿನ ಸ್ಕ್ರೂ ಬಿಚ್ಚಿದಾಗ ಬೆಳ್ಳಗೆ, ಮೊಸರಿನಂಥದ್ದೇನೋ ಹೊರಬಂತು.

"ಅದೆಂತದು ಕೇಳು ಮಗಾ," ಎಂದಳು ಆಯಿ.

"ನಿಮ್ಮನೆ ಮುರುಗಲು ತುಪ್ಪಾನೇ, ಹೇಳು ಬೇಟಿ. ಗ್ರೀಸ್ ಡಬ್ಬಿ ಖಾಲಿ ಆಗಿ ತಿಂಗಳಾಯ್ತು. ದಿನಾ ತುಂಬ್ತಾ ಇದ್ದೇನೆ, ಆದ್ರೂ ಸಾಲ್ತಿಲ್ಲ ಇದ್ಕೆ."

ಆಯಿ ಮೆಟ್ಟಿಲಿಳಿದು ಬಂದಳು. ಕಡ್ಡಿಯ ತುದಿಯಲ್ಲಿ ಒಂದಿಷ್ಟು ತೆಗೆದು ನೋಡಿದಳು. "ಆನು ಕಾಸಿದ ತುಪ್ಪ ಕಲ್ಲಿನಂಗೆ ಇರ್ತು. ಇದು ಹಿಂಗೆ ಮೆತ್ತಗೆ ಇಪ್ಪಲೆ ಸಾಧ್ಯ ಇಲ್ಲೆ." ಬಚ್ಚಲ ಒಲೆಯ ಬಳಿ ಹೋಗಿ, ಒಡಕು ಕಾವಲಿಯ ಮೇಲೆ ಅದನ್ನು ಹಾಕಿದಳು. ಚಟಪಟ ಸಿಡಿಯಿತು. "ಕೇಳ್ಚಾ? ನೀರು ಹೊಕ್ಕಿದ್ದು ಹೇಳು ಅವಂಗೆ."

ನಾನು ಹೇಳುವ ಮೊದಲೇ ಮಾಮು ಹ್ಯಾಟು ತೆಗೆದು ನೆಲಕ್ಕಿಟ್ಟಿದ್ದರು. ಕರಿ ಗ್ರೀಸಾಗಿದ್ದರೆ ನೀರು ಸೇರಿದ ದಿನವೇ ಬಿಳಿಚಿ ಗುಟ್ಟು ಹೊರಬೀಳುತ್ತಿತ್ತು. ಬಿಳಿ ತುಪ್ಪದಲ್ಲಿ ಬಿಳುಪು ಎಲ್ಲಿ ಕಾಣಬೇಕು... ಅವರು ತುಂಬಿದ ತುಪ್ಪವೇ ಸೋರಿಕೆಯನ್ನು ಮುಚ್ಚಿಟ್ಟಿತ್ತು.

"ಬಸ್ಸಿಗೆ ಕಾಲಿಲ್ಲ ಬೇಟಿ, ಅದ್ಕೇ ನಂಗೆ ಗೊತ್ತಾಗ್ಲಿಲ್ಲ," ಎಂದರು ಮಾಮು.

"ಘಾಟಿ ಇಳ್ಸವಂಗೆ ಹೊಳೆ ಹೆಂಗೆ ಗೊತ್ತಾಗ್ತು, ಕೇಳು," ಎಂದಳು ಆಯಿ. ಅದನ್ನು ಮಾತ್ರ ನಾನು ದಾಟಿಸಲಿಲ್ಲ. ಮಾಮು ಮುಖ ತಿರುಗಿಸಿ ನಕ್ಕರು.

ನೀರು ಎಲ್ಲಿಂದ ಒಳಹೊಗುತ್ತಿದೆ ಎಂದು ಹುಡುಕುವ ಕೆಲಸ ಶುರುವಾಯಿತು. ದನಗಳಿಗೆ ಅಕ್ಕಚ್ಚು ಹಾಕುವ ಕಲ್ಲಿನ ಮರಿಗೆಯನ್ನು ಆಯಿ ತೊಳೆಸಿ, ತಿಳಿನೀರು ತುಂಬಿಸಿಕೊಟ್ಟಳು. ಮಾಮು ಕಾಲಿನೊಳಗಿನ ತುಪ್ಪವನ್ನೆಲ್ಲ ತೆಗೆದು, ಸ್ಕ್ರೂವಿನ ತೂತಿಗೆ ಅಪ್ಪಯ್ಯನ ಸೈಕಲ್ ಪಂಪಿನ ಕೊಳವೆ ಸಿಕ್ಕಿಸಿ, ಕಾಲನ್ನು ನೀರಿನಲ್ಲಿ ಮುಳುಗಿಸಿದರು. ಪಂಪು ಒತ್ತುವುದು ಅವರು, ಗುಳ್ಳೆ ನೋಡುವುದು ನಾನು. ಕೀಲು ಕೂಡುವಲ್ಲಿ ಏನಿಲ್ಲ. ಇನ್ನೊಂದು ಸ್ಕ್ರೂವಿನ ಬಳಿಯೂ ಇಲ್ಲ. ಆಮೇಲೆ ಪ್ರೊಪೆಲ್ಲರಿನ ಬುಡದಿಂದ ಸಣ್ಣ ಸಣ್ಣ ಗುಳ್ಳೆ, ರೋಸರಿ ಮಣಿಯಂತೆ ಒಂದರ ಹಿಂದೊಂದು... ಆ ಜಪಸರ ನೋಡಿದ್ದು ಆಮೇಲೆ ಕಾನ್ವೆಂಟಿನಲ್ಲಿ, ಹೋಲಿಕೆ ಈಗಿನದು.

ಪ್ರೊಪೆಲ್ಲರ್ ಬಿಚ್ಚಿದರೆ ಅದರ ದಂಡಕ್ಕೆ ಮೀನಿನ ಗಾಳದ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ನೀರು ತಡೆಯಬೇಕಾದ ಚರ್ಮದ ಬಳೆಯನ್ನು ಆ ದಾರ ಕೊರೆದುಬಿಟ್ಟಿತ್ತು. ಹೊಸ ಬಳೆಗೆ ಮುಂಬಯಿಗೆ ಬರೆಯಬೇಕು. ಮಾಮು ತಮ್ಮ ಚಪ್ಪಲಿಯ ಪಟ್ಟಿ ಕತ್ತರಿಸಿ ನೋಡಿದರು, ದಪ್ಪ. ಬೆಲ್ಟು ನೋಡಿದರು, ಬಿರುಕು. ತೆಳ್ಳಗಿನ, ಮೆದು ಚರ್ಮ ಬೇಕಿತ್ತು. ಅಂಗಳದಲ್ಲಿದ್ದ ಎಲ್ಲರ ಕಣ್ಣೂ ಜಗಲಿಯ ಮೂಲೆಗೆ ಹೋಯಿತು. ಅಲ್ಲಿದ್ದದ್ದು ಕಾನ್ವೆಂಟಿಗೆಂದು ತಂದ ನನ್ನ ಹೊಸ ಬೂಟು.

ಯಾರೂ ಕೇಳಲಿಲ್ಲ. ಆಯಿ ಬೂಟು ತಂದು, ಲೇಸಿನಡಿಯ ನಾಲಿಗೆಯನ್ನು ಹೊರಗೆಳೆದು ನನ್ನ ಕೈಗೆ ಕೊಟ್ಟಳು. "ಇದಿಲ್ದೇನೂ ನಡೀಲಕ್ಕು."

ಮಾಮು ಅದನ್ನು ಉಂಗುರದಂತೆ ಕೊಯ್ದು, ಆಯಿ ನೀರಾರುವಂತೆ ಕಾಸಿಕೊಟ್ಟ ತುಪ್ಪದಲ್ಲಿ ನೆನೆಸಿ ಕೂರಿಸಿದರು. ಮತ್ತೆ ಮರಿಗೆ, ಮತ್ತೆ ಪಂಪು. ಗುಳ್ಳೆಯಿಲ್ಲ. ಅವರಿಗೆ ನಂಬಿಕೆ ಸಾಲದೆ ಇನ್ನೊಮ್ಮೆ ನೋಡಿಸಿದರು. ಕೊನೆಗೆ ಎತ್ತಿನ ಗಾಡಿಗೆ ಹಾಕುವ ಕಪ್ಪು ಕೀಲೆಣ್ಣೆಯನ್ನು ತುಂಬಿದರು. ಬೆಳ್ಳಗಾದರೆ ಈ ಸಲ ಕಾಣಬೇಕಲ್ಲ.

ಭಾನುವಾರ ಬೆಳಿಗ್ಗೆ ಅಪ್ಪಯ್ಯನೂ ನಾನೂ ದೋಣಿ ಹತ್ತಿದೆವು. ಆಯಿ ದಡದಲ್ಲಿ ನಿಂತು, ಅಭ್ಯಾಸದಂತೆ, "ಅವಂಗೆ ಹೇಳು ಮಗಾ..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟಳು. ಇನ್ನು ಹೇಳಲು ನಾನಿರುವುದಿಲ್ಲ ಎಂದು ಆಗ ಹೊಳೆದಿರಬೇಕು. ಸೆರಗು ಸರಿಮಾಡಿಕೊಂಡು ಮಾಮುವನ್ನೇ ನೋಡಿದಳು.

"ತಮ್ಮಾ, ದಡ ಮುಟ್ಟಿದ್ಲು ಅಂತ ನೀನೇ ಬಂದು ಹೇಳು."

ಮಾಮು ಹ್ಯಾಟು ತೆಗೆದು, "ಹೇಳ್ತೆ ಅಕ್ಕಾ," ಎಂದರು. ದಾರಿಯುದ್ದಕ್ಕೂ ಘಾಟಿಯ ಕತೆ ಹೇಳಲಿಲ್ಲ. ಆಚೆ ದಡದಲ್ಲಿ ಸ್ಕ್ರೂ ಸಡಿಲಿಸಿ, ಬೆರಳಿಗಂಟಿದ ಎಣ್ಣೆಯನ್ನು ನನಗೆ ತೋರಿಸಿದರು. ಕಪ್ಪು, ಎಗ್ಸಾಕ್ಟ್ಲಿ ತುಂಬಿದಾಗಿನ ಕಪ್ಪು. ಆಮೇಲೆ ದೋಣಿ ತಿರುಗಿಸಿ ಹೋದರು.

ಕ್ರಿಸ್‌ಮಸ್ ರಜೆಗೆ ಬಂದಾಗ ಮೋಟಾರನ್ನು ಯಾರಿಗೋ ಮಾರಿಯಾಗಿತ್ತು, ಮಾಮು ಶಿರಸಿಯ ಬಸ್ಸಿಗೆ ಮರಳಿದ್ದರು. ಅವತ್ತು ಅವರು ಅಂಗಳದಲ್ಲಿ ನಿಂತು "ಹುಡುಗಿ ದಡ ಮುಟ್ಟಿದ್ಲು ಅಕ್ಕಾ" ಎಂದದ್ದನ್ನು ಆಯಿ ನನಗೆ ಎಷ್ಟು ಸಲ ಹೇಳಿದಳೋ. ಕೆಲವು ವರ್ಷಗಳ ನಂತರ ಮಾಮು ತೀರಿಕೊಂಡರೆಂದು ಕೇಳಿದೆವು. ಈಗ ಆಯಿಯೂ ಇಲ್ಲ.

ನಾನು ಓದಿದ್ದು, ಟೀಚರಾದದ್ದು, ಈ ವಯಸ್ಸಿನಲ್ಲಿ ಕನ್ನಡಕ ಹಾಕಿಕೊಂಡು ಎರಡು ಭಾಷೆಯ ಪುಸ್ತಕ ಓದುತ್ತ ಕೂರುವುದು, ಎಲ್ಲವೂ ಆ ಚರ್ಮದ ಬಳೆಯ ಮೇಲೆ ಹೊಳೆ ದಾಟಿದ್ದು. ನಾಲಿಗೆಯಿಲ್ಲದ ಬೂಟಿನ ಲೇಸು ವರ್ಷವಿಡೀ ಪಾದಕ್ಕೆ ಒತ್ತುತ್ತಿತ್ತು. ಕಾನ್ವೆಂಟಿನಲ್ಲಿ ಮೊದಲ ವಾರವೇ ಕಲಿಸಿದ್ದು "ಥ್ಯಾಂಕ್ ಯೂ" ಹೇಳುವುದನ್ನು. ಅವರಿಬ್ಬರ ಎಷ್ಟೋ ಮಾತನ್ನು ಅಂಗಳದ ಆಚೀಚೆ ಹೊತ್ತವಳು ನಾನು. ನನ್ನ ಈ ಒಂದು ಮಾತನ್ನು ಈಗ ಯಾರ ಕೈಲಿ ಹೇಳಿ ಕಳಿಸಲಿ...

ತುಪ್ಪ ಬೆರಳಿನ ಬಿಸಿಗೆ ಕರಗುತ್ತಿದೆ. ಹಿಮ್ಮಡಿಗೆ ಹಚ್ಚಿಕೊಳ್ಳುತ್ತೇನೆ.