ಎದುರುಮನೆ ಆಂಟಿಯ ಸವತಿ

ಗೌರಿ ಹಬ್ಬಕ್ಕೆ ಅಂತ ಮೊನ್ನೆ ದೀಪದ ಕಂಬ ತಿಕ್ಕೋಕೆ ಕೂತಿದ್ದೆ. ನೆನೆಸಿದ ಹುಣಸೆಹಣ್ಣಿಗೆ ಒಂದಿಷ್ಟು ಉಪ್ಪು ಬೆರೆಸಿ ಹಿತ್ತಾಳೆಗೆ ಉಜ್ಜಿದ ಕೂಡಲೇ ಬರುತ್ತಲ್ಲ, ಆ ಹುಳಿ ಹುಳಿ ಲೋಹದ ವಾಸನೆ... ಅದು ಮೂಗಿಗೆ ಬಡಿದಿದ್ದೇ ತಡ, ಎದುರುಮನೆ ಆಂಟಿ ಬಂದು ಪಕ್ಕದಲ್ಲೇ ಕೂತ ಹಾಗಾಯ್ತು. ಕೈ ನಿಂತುಹೋಯ್ತು. ದೇವರ ಸಾಮಾನು ತಿಕ್ಕುವಾಗ ಎಲ್ಲರಿಗೂ ದೇವರು ನೆನಪಾದರೆ ನನಗೆ ನೆನಪಾಗೋದು ಒಂದು ಹಳೇ ಕಾರಿನ ಚಕ್ರಗಳು. ನಗಬೇಡಿ, ಹೇಳ್ತೀನಿ.

ಆಗ ನಾವು ಬಸವೇಶ್ವರನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ವಿ. ಎದುರಿಗೆ ಆಂಟಿ, ಅಂಕಲ್, ಅವರ ಒಬ್ಬನೇ ಮಗ. ನಾನು ಮದುವೆಯಾಗಿ ಬಂದ ಹೊಸತು. ನಮ್ಮ ಬಾಲ್ಕನಿಯಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳೋದೇ ಅವರ ಕಾಂಪೌಂಡಿನೊಳಗೆ ನಿಂತ ಆ ಕಾರು. ಕೆನೆ ಬಣ್ಣ, ಉದ್ದ ಮೂತಿ, ಗುಂಡು ದೀಪ. ಅಂಕಲ್ ಯಾವುದೋ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಶಿವಾಜಿನಗರದ ಗುಜರಿಯಲ್ಲೆಲ್ಲ ಅಲೆದು ಅದಕ್ಕೆ ಅಲಾಯ್ ಚಕ್ರಗಳನ್ನು ಹುಡುಕಿ ತಂದು ಹಾಕಿಸಿದ್ದರು. ಫಾರಿನ್ ಕಾರಿನದಂತೆ. ಈಗಿನ ಕಾರುಗಳಿಗೆ ಬರುವ ದಪ್ಪ ಕಡ್ಡಿಯ ಚಕ್ರ ಅಲ್ಲ ಅವು. ಎಳೆ ರಂಗೋಲಿ ಹಾಗೆ ಒಂದರೊಳಗೊಂದು ಹೆಣೆದುಕೊಂಡ ಸಣ್ಣ ಸಣ್ಣ ಕಡ್ಡಿಗಳು, ನಡುವೆ ಕಿರುಬೆರಳೂ ಹೋಗದಂಥ ಸಂದಿಗಳು.

ಭಾನುವಾರ ಬಂತೆಂದರೆ ಅಂಕಲ್ ಪಂಚೆ ಎತ್ತಿ ಕಟ್ಟಿ, ಚಕ್ರದ ಮುಂದೆ ಮಣೆ ಹಾಕಿಕೊಂಡು ಕೂತುಬಿಡೋರು. ಹಳೇ ಹಲ್ಲುಜ್ಜೋ ಬ್ರಷ್ಷು, ಹಳೇ ಬನಿಯನ್ ಬಟ್ಟೆ, ಕಿವಿಗೆ ಹಾಕೋ ಹತ್ತಿಕಡ್ಡಿ. ಒಂದೊಂದು ಸಂದಿಯನ್ನೂ ಮಗುವಿನ ಕಿವಿ ತೊಳೆದ ಹಾಗೆ ತೊಳೆಯೋರು. ಆಂಟಿ ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೀತಾ ನನಗೆ ಕೇಳೋ ಹಾಗೆ ಅನ್ನೋರು, "ನೋಡೇ, ಮದುವೇಲಿ ನನಗೆ ಹಾಕದ ಒಡವೇನೆಲ್ಲ ನನ್ನ ಸವತಿಗೆ ಹಾಕಿದಾರೆ. ಸ್ನಾನಾನೂ ಅವರೇ ಮಾಡಿಸಬೇಕು."

ಅಂಕಲ್ ತಲೆ ಎತ್ತದೆ, "ಇವಳು ಎದುರು ಮಾತಾಡಲ್ಲ, ಅದಕ್ಕೆ" ಅನ್ನೋರು.

ಆ ಕಾರಿಗೆ ಸವತಿ ಅನ್ನೋ ಹೆಸರು ಹಾಗೇ ಉಳಿದುಹೋಯ್ತು. ಬೀದಿಯವರೆಲ್ಲ, "ಏನ್ ಆಂಟಿ, ಸವತಿ ಇವತ್ತು ಎಲ್ಲಿಗೆ ಸವಾರಿ?" ಅಂತ ರೇಗಿಸ್ತಿದ್ವಿ.

ಅವರ ಮಗ ಆಗ ಕಾಲೇಜಿಗೆ ಸೇರಿದ್ದ. ಒಂದು ಬೆಳಿಗ್ಗೆ ಅಂಕಲ್ ತಿಂಡಿ ತಿಂದು, ಕೆಂಗೇರಿಯಲ್ಲಿ ಹಳೇ ಸ್ನೇಹಿತರೊಬ್ಬರನ್ನ ನೋಡಿಕೊಂಡು ಬರ್ತೀನಿ ಅಂತ ಹೊರಟರು. ಹಿಂದಿನ ದಿನ ಮಳೆ ಬಂದು ರಸ್ತೆಯೆಲ್ಲ ಕೊಚ್ಚೆಯಾಗಿತ್ತು. ಚಕ್ರ ಗಲೀಜಾಗುತ್ತೆ, ಬಸ್ಸಲ್ಲೇ ಹೋಗ್ತೀನಿ ಅಂದರಂತೆ. ಅಷ್ಟೇ. ಆ ಸ್ನೇಹಿತರ ಮನೆಗೆ ಅವರು ತಲುಪಲೇ ಇಲ್ಲ. ಮನೆಗೂ ವಾಪಸ್ ಬರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದಾಯ್ತು, ಆಸ್ಪತ್ರೆ ಆಸ್ಪತ್ರೆ ಸುತ್ತಿದ್ದಾಯ್ತು, ಕಂಡಕಂಡ ದೇವರಿಗೆ ಹರಕೆ ಹೊತ್ತಿದ್ದಾಯ್ತು. ಶಾಸ್ತ್ರ ಹೇಳೋನೊಬ್ಬ ಉತ್ತರ ದಿಕ್ಕಿನಲ್ಲಿದಾರೆ ಅಂದ, ಇನ್ನೊಬ್ಬ ನೀರಿನ ಪಕ್ಕ ಇದಾರೆ ಅಂದ. ಅವರ ಬಾಯಿಗಿಷ್ಟು ಮಣ್ಣು ಹಾಕ! ಒಬ್ಬನಾದರೂ ಇಲ್ಲ ಅಂದಿದ್ದರೆ ಆಂಟಿ ಅವತ್ತೇ ಅತ್ತು ಮುಗಿಸೋರೇನೋ.

ಆಂಟಿ ಮಾತ್ರ ಒಂದೇ ಹಟ ಹಿಡಿದರು. "ನನ್ನ ಬಿಟ್ಟು ಹೋಗ್ತಾರೆ ಅಂದ್ರೆ ನಂಬ್ತೀನಿ ಕಣೇ. ಈ ಸವತೀನ ಬಿಟ್ಟು ಇರೋ ಗಂಡಸಲ್ಲ ಅವರು. ಬಂದೇ ಬರ್ತಾರೆ. ಬಂದವರು ಮೊದಲು ನೋಡೋದು ಆ ಚಕ್ರ. ಅದು ಮಂಕಾಗಿದ್ರೆ ಗೇಟಿಂದಲೇ ತಿರುಗಿ ಹೋಗಿಬಿಡ್ತಾರೆ."

ಮುಂದಿನ ಭಾನುವಾರದಿಂದಲೇ ಆಂಟಿ ಸೀರೆ ಸೆರಗು ಸಿಕ್ಕಿಸಿ ಆ ಮಣೆ ಮೇಲೆ ಕೂತರು. ಪಾಪ, ಅವರಿಗೇನು ಗೊತ್ತು? ಹೊಳೆಯೋ ಲೋಹ ಅಂದರೆ ಅವರಿಗೆ ದೇವರ ಮನೆಯ ದೀಪ. ಹುಣಸೆಹಣ್ಣು, ಉಪ್ಪು ಹಚ್ಚಿ ತೆಂಗಿನ ನಾರಿನಲ್ಲಿ ಬಲವಾಗಿ ತಿಕ್ಕಿದರು. ಹಿತ್ತಾಳೆಯಾದರೆ ಚಿನ್ನದ ಹಾಗೆ ಫಳಫಳ ಅಂದಿರೋದು. ಇದು ಅಲ್ಯೂಮಿನಿಯಂ ಜಾತಿ, ಹುಳಿ ತಾಗಿದ್ದಲ್ಲೆಲ್ಲ ಬೂದು ಬೂದಾಗಿ ಕಲೆ ಕಟ್ಟಿಕೊಂಡಿತು. "ಅಯ್ಯೋ, ಅವರ ಚಕ್ರ ಹಾಳು ಮಾಡಿಬಿಟ್ಟೆ ಕಣೇ" ಅಂತ ನಮ್ಮ ಮೆಟ್ಟಿಲಲ್ಲಿ ಕೂತು ಗೊಳೋ ಅಂತ ಅತ್ತರು. ಗಂಡ ಕಾಣೆಯಾದ ಮೇಲೆ ಅವರು ಹಾಗೆ ಬಾಯಿ ಬಿಟ್ಟು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ.

ಕಾಮಾಕ್ಷಿಪಾಳ್ಯದಲ್ಲಿ ಪಾಲಿಶ್ ಹಾಕೋ ಅಂಗಡಿಗೆ ಚಕ್ರ ಬಿಚ್ಚಿ ತಗೊಂಡು ಹೋದ್ವಿ. ಅಲ್ಲಿಯವರು ನೋಡಿ, "ಅಮ್ಮಾ, ಇದಕ್ಕೆ ಹುಳಿ ಸೋಕಿಸಬಾರದು, ನಾರೂ ಆಗಲ್ಲ" ಅಂತ ಹೇಳಿ ಕಲೆ ತೆಗೆದುಕೊಟ್ಟರು. ಬರೀ ಸೋಪಿನ ನೀರು, ಮೆತ್ತನೆ ಬ್ರಷ್ಷು, ಆಮೇಲೆ ಸಂದಿಯಲ್ಲಿ ಒಂದು ಹನಿ ನೀರೂ ನಿಲ್ಲದ ಹಾಗೆ ಒರೆಸೋದು. ಆಂಟಿ ಅಷ್ಟನ್ನೂ ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡರು. ಆಮೇಲೆ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಮಗ ಆಗೊಮ್ಮೆ ಈಗೊಮ್ಮೆ ಎಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡ್ತಿದ್ದ. ಕಾರು ಮಾತ್ರ ಕಾಂಪೌಂಡ್ ದಾಟಲಿಲ್ಲ. ಅಂಕಲ್ ಬಂದೇ ಓಡಿಸಬೇಕು ಅನ್ನೋದು ಆಂಟಿಯ ಆಣತಿ.

ಇದೆಲ್ಲ ಬರೀ ಕಾರಿನ ಹುಚ್ಚು ಅಂತ ತಿಳೀಬೇಡಿ. ಅವರ ಮುತ್ತೈದೆತನ ಅದರಲ್ಲಿತ್ತು. ಮೊದಲನೇ ವರ್ಷವೇ ನಮ್ಮತ್ತೆ, "ಅರಿಶಿನ ಕುಂಕುಮಕ್ಕೆ ಅವರನ್ನ ಕರೀಬೇಡ, ಏನು ಎತ್ತ ಅಂತ ಗೊತ್ತಿಲ್ಲ" ಅಂದರು. ನನಗೆ ಮೈಯೆಲ್ಲ ಉರಿದುಹೋಯ್ತು. "ಗೊತ್ತಿಲ್ಲ ಅಂದ್ಮೇಲೆ ಬದುಕಿದಾರೆ ಅಂತಾನೇ ಅರ್ಥ ಅತ್ತೆ" ಅಂದವಳೇ ಹೋಗಿ ಕರೆದು ಬಂದೆ. ಆಂಟಿ ಕೈ ತುಂಬ ಹಸಿರು ಬಳೆ ಇಟ್ಟುಕೊಂಡು ಬಂದರು. ಬಾಗಿನ ಇಸಕೊಂಡು ಹೋಗುವಾಗ ಒಂದು ಸಲ ನನ್ನ ಕೈ ಅದುಮಿದರು.

ಹೀಗೇ ವರ್ಷಗಳು ಕಳೆದವು. ಮಗನಿಗೆ ಕೆಲಸ ಸಿಕ್ಕಿ, ಮದುವೆ ಮಾತು ಬಂತು. ಹೆಣ್ಣಿನ ಕಡೆಯವರು ಒಳ್ಳೆಯವರೇ, ಆದರೆ ಲಗ್ನಪತ್ರಿಕೆಯಲ್ಲಿ ಹುಡುಗನ ತಂದೆ ಹೆಸರು ಹೇಗೆ ಹಾಕಿಸೋದು ಅಂತ ಕೇಳಿದರು. ಅಂಕಲ್ ಅವರ ಅಣ್ಣ ಬಂದು ಕೂತು ತೀರ್ಮಾನ ಹೇಳಿದರು. ಹನ್ನೆರಡು ವರ್ಷ ಸುದ್ದಿಯಿಲ್ಲದವರನ್ನ ಹೋದವರು ಅಂತಲೇ ತಿಳೀಬೇಕು. ದರ್ಭೆಯಲ್ಲಿ ಗೊಂಬೆ ಮಾಡಿ ಸುಟ್ಟು, ಕರ್ಮ ಮುಗಿಸಿ, ಆಮೇಲೆ ಮದುವೆ. ಆಂಟಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪುರೋಹಿತರು ದಿನ ಗೊತ್ತು ಮಾಡಿಬಿಟ್ಟರು.

ಆ ದಿನಕ್ಕೆ ಇನ್ನೊಂದು ವಾರವಿತ್ತು. ಆಂಟಿ ಬಾಪೂಜಿನಗರದ ತಂಗಿ ಮನೆಗೆ ಪೂಜೆಗೆ ಹೋಗಿ ಅಲ್ಲೇ ಉಳಿದು ಭಾನುವಾರ ಬೆಳಿಗ್ಗೆ ಬಂದರು. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿದ್ದೆ. ಬಡಬಡ ಮೆಟ್ಟಿಲು ಹತ್ತಿ ಬಂದವರೇ ನನ್ನ ಮೂಗಿನ ಮುಂದೆ ಒಂದು ಬಿಳಿ ಬಟ್ಟೆ ಹಿಡಿದರು. ಅದರ ತುಂಬ ಕಾಡಿಗೆ ಬಳಿದ ಹಾಗೆ ಕಪ್ಪು.

"ಮುಂದಿನ ಚಕ್ರ ಒರೆಸಿದ ಬಟ್ಟೆ ಕಣೇ ಇದು. ನಿಂತ ಗಾಡಿಗೆ ಕೂರೋದು ಕೆಂಧೂಳು. ಇಷ್ಟು ವರ್ಷ ಕೆಂಪೇ ಬಂದಿರೋದು. ಬ್ರೇಕ್ ಹಾಕಿದ್ರೆ ಮಾತ್ರ ಈ ಕರಿ ಬರೋದು, ಅವರೇ ಹೇಳ್ತಿದ್ರಲ್ಲ." ಬಟ್ಟೆಯನ್ನ ಇನ್ನೂ ಹತ್ತಿರ ಹಿಡಿದರು. "ಕಾರು ಓಡಿದೆ. ಬಂದಿದ್ರು ಕಣೇ ಅವರು! ನಾನಿಲ್ಲ ಅಂತ ನೋಡಿ ಒಂದು ರೌಂಡ್ ಓಡಿಸಿ ನಿಲ್ಲಿಸಿ ಹೋಗಿದಾರೆ."

"ಕೀ ಎಲ್ಲಿತ್ತು ಆಂಟಿ?" ಅಂದೆ.

"ಇನ್ನೊಂದು ಕೀ ಯಾವಾಗ್ಲೂ ಅವರ ಜೇಬಲ್ಲೇ ಇರೋದಲ್ವಾ."

ಒಗ್ಗರಣೆ ಸೀದುಹೋಯ್ತು. ಹೌದು ಅನ್ನೋಕೂ ಭಯ, ಇಲ್ಲ ಅನ್ನೋಕೂ ಭಯ...

ಅವತ್ತಿಂದ ಆಂಟಿ ಗೇಟಿಗೆ ಚಿಲಕ ಹಾಕೋದು ಬಿಟ್ಟರು. ಮಲ್ಲಿಗೆ ಮುಡಿದರು. ಊಟದ ಹೊತ್ತಿಗೆ ಅಂಕಲ್ ತಟ್ಟೆ ತೊಳೆದು ಇಟ್ಟರು. ಮುಸ್ಸಂಜೆ ಹೊತ್ತು ಬಾಲ್ಕನಿಗೆ ಬಟ್ಟೆ ತೆಗೆಯೋಕೆ ಹೋದರೆ ನನಗೆ ಆ ಕಾರಿನ ಕಡೆ ನೋಡೋಕೆ ಆಗ್ತಿರಲಿಲ್ಲ. ಸ್ಟೇರಿಂಗ್ ಹಿಂದೆ ಯಾರೋ ಪಂಚೆ ಉಟ್ಟು ಕೂತ ಹಾಗೆ ಅನ್ನಿಸೋದು. ಬಟ್ಟೆ ಬಾಚಿಕೊಂಡು ಒಳಗೆ ಓಡಿ ಬರ್ತಿದ್ದೆ. ಅಂಕಲ್ ಅವರ ಅಣ್ಣ ಮತ್ತೆ ಬಂದು ಕರ್ಮದ ಮಾತೆತ್ತಿದಾಗ ಆಂಟಿ, "ಬದುಕಿರೋ ಗಂಡನ್ನ ಸುಡೋಕೆ ನಾನು ಒಪ್ಪಲ್ಲ" ಅಂದರಂತೆ. ಮದುವೆ ನಿಂತುಹೋಗುತ್ತೆ ಅಂತ ಬೀದಿಯಲ್ಲಿ ಗುಸುಗುಸು ಶುರುವಾಯ್ತು.

ಆ ವಾರದಲ್ಲೇ ಒಂದು ಸಂಜೆ ಮಗ ನಮ್ಮ ಮನೆಗೆ ಬಂದ. ಹುಡುಗಿ ಕೈತಪ್ಪುತ್ತೆ ಅನ್ನೋ ಅವಸರದಲ್ಲಿ ಅಪ್ಪನನ್ನೇ ಸುಡೋಕೆ ಹೊರಟಿದಾನೆ ಅಂತ ನನಗೆ ಅವನ ಮೇಲೆ ಸಿಟ್ಟಿತ್ತು. ಕಾಫಿನೂ ಕೇಳಲಿಲ್ಲ. ಅವನು ಬಾಗಿಲಲ್ಲೇ ನಿಂತು, "ಅಕ್ಕ, ಕಾರು ತೆಗೆದಿದ್ದು ನಾನು" ಅಂದ. "ಅಮ್ಮನಿಗೆ ಹೇಳಬೇಕು. ಒಬ್ಬನೇ ಹೇಳೋಕೆ ಧೈರ್ಯ ಬರ್ತಿಲ್ಲ. ಜೊತೇಲಿ ಬರ್ತೀರಾ?"

ಆಂಟಿ ಅಂಗಳದಲ್ಲಿ ಮಣೆ ಮೇಲೆ ಕೂತಿದ್ದರು, ಕೈಯಲ್ಲಿ ಬ್ರಷ್ಷಿತ್ತು. ಮಗ ಅವರ ಪಕ್ಕ ನೆಲದ ಮೇಲೇ ಕೂತ.

"ಅಮ್ಮ, ಆವತ್ತು ನೀನು ಚಿಕ್ಕಮ್ಮನ ಮನೆಗೆ ಹೋಗಿದ್ಯಲ್ಲ. ಮೆಕ್ಯಾನಿಕ್ ಕರೆಸಿ ಗಾಡಿ ರೆಡಿ ಮಾಡಿಸಿ ನಾನೇ ತಗೊಂಡು ಹೋಗಿದ್ದೆ."

ಆಂಟಿ ಬ್ರಷ್ ನಿಲ್ಲಿಸಲಿಲ್ಲ. "ಯಾಕೆ?"

"ಗೊಂಬೆ ಸುಡೋಕೆ ಮುಂಚೆ ಇನ್ನೊಂದು ಸಲ ಹುಡುಕೋಣ ಅನ್ನಿಸ್ತು. ಅಪ್ಪ ಎಲ್ಲಾದ್ರೂ ಮರೆವು ಬಂದು ಓಡಾಡ್ತಿದ್ರೆ... ನಾನು ಬೆಳೆದುಬಿಟ್ಟಿದೀನಿ, ನನ್ನ ಗುರುತು ಸಿಗಲ್ಲ. ಕಾರಿನ ಗುರುತು ಸಿಗುತ್ತಲ್ಲ ಅಂತ."

ಬ್ರಷ್ಷು ನಿಂತಿತು. ನಾನು ಗೇಟು ಹಿಡಿದುಕೊಂಡು ನಿಂತಿದ್ದೆ. ಈ ಹುಡುಗನ ಬಗ್ಗೆ ಏನೇನೆಲ್ಲ ಅಂದುಕೊಂಡಿದ್ದೆನಲ್ಲ ಅಂತ ನಾಚಿಕೆಯಾಯ್ತು.

"ಎಲ್ಲೆಲ್ಲಿ ಹೋದೆ?" ಅಂದರು ಆಂಟಿ.

"ಮೈಸೂರು ರೋಡಲ್ಲಿ ಕೆಂಗೇರಿ ತನಕ. ನಿಧಾನಕ್ಕೇ ಹೋದೆ. ಬಸ್‌ಸ್ಟಾಪ್ ಬಂದಲ್ಲೆಲ್ಲ ಇನ್ನೂ ನಿಧಾನ ಮಾಡಿದೆ. ಅದಕ್ಕೇ ಅಷ್ಟು ಬ್ರೇಕ್ ಬಿದ್ದಿರೋದು."

"ಯಾರಾದ್ರೂ ಕೈ ಅಡ್ಡ ಹಾಕಿದ್ರಾ?"

"ಇಲ್ಲಮ್ಮ."

"ಸರಿಯಾಗಿ ನೆನಪು ಮಾಡ್ಕೋ. ಯಾರೂ ನಿಲ್ಲಿಸು ಅನ್ನಲಿಲ್ವಾ?"

"ಯಾರೂ ಅನ್ನಲಿಲ್ಲಮ್ಮ."

ಆಂಟಿ ಬ್ರಷ್ಷನ್ನ ಬಕೆಟ್ಟಿನ ಅಂಚಿಗೆ ಒರಗಿಸಿಟ್ಟು ಮಗನ ತಲೆ ಸವರಿದರು. "ಹಾಗಾದ್ರೆ ಇಲ್ಲ ಕಣೋ" ಅಂದರು. "ಇಂಥ ಚಕ್ರ ಕಂಡ್ರೆ ಗೊತ್ತು ಪರಿಚಯ ಇಲ್ಲದೋರ ಗಾಡೀನೇ ಕೈ ಅಡ್ಡ ಹಾಕಿ ನಿಲ್ಲಿಸಿ ಮಾತಾಡ್ಸೋರು ಅವರು. ತಮ್ಮದೇ ಕಾರು ಕಣ್ಣೆದುರಿಗೆ ಹೋದ್ರೆ ಬಿಡ್ತಾರಾ? ಇಲ್ಲ. ನಿಮ್ಮಪ್ಪ ಇಲ್ಲ."

ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಹಣೆ ಖಾಲಿ ಇತ್ತು. "ನಿಮ್ಮ ದೊಡ್ಡಪ್ಪಂಗೆ ಫೋನ್ ಮಾಡು, ದಿನ ಬದಲಾಯಿಸೋದು ಬೇಡ" ಅಂತ ಹೇಳಿ ನನ್ನ ಕಡೆ ತಿರುಗಿ, "ಕಾಫಿ ಕುಡೀತೀಯೇನೇ?" ಅಂದರು. ನನಗೆ ಕುಡಿಯೋಕೆ ಆಗಲಿಲ್ಲ. ಲೋಟ ಹಿಡಿದುಕೊಂಡೇ ಅತ್ತುಬಿಟ್ಟೆ. ಅವರು ಅಳಲಿಲ್ಲ.

ಕರ್ಮ ಆಯ್ತು, ಮದುವೆಯೂ ಆಯ್ತು. ಆಂಟಿ ಮತ್ತೆ ಆ ಚಕ್ರ ಮುಟ್ಟಲಿಲ್ಲ. ಹಳೇ ಕಾರಿನ ಶೋಕಿಯವರು ಯಾರೋ ಬಂದು ಸವತಿಯನ್ನ ಕೊಂಡುಕೊಂಡು ಹೋದರು. ಅದು ಗೇಟು ದಾಟುವಾಗ ಆಂಟಿ ಹೊರಗೂ ಬರಲಿಲ್ಲ. ನಾವು ರಾಜರಾಜೇಶ್ವರಿನಗರದ ಈ ಅಪಾರ್ಟ್‌ಮೆಂಟಿಗೆ ಬಂದ ಮೇಲೂ ನಾನು ಪ್ರತಿ ಗೌರಿ ಹಬ್ಬಕ್ಕೆ ಅವರನ್ನ ಕರೀತಿದ್ದೆ. "ನನ್ನನ್ಯಾಕೆ ಕರೀತೀಯೇ ಹುಚ್ಚಿ" ಅನ್ನೋರು. ನನ್ನ ಮನೆ, ನನ್ನಿಷ್ಟ, ಕೇಳೋರ್ಯಾರು ಅಂತ ಜೋರು ಮಾಡಿ ಕರೆಸಿಕೊಳ್ತಿದ್ದೆ. ಹೋದ ಯುಗಾದಿ ಆದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಈ ಸಲದ ಹಬ್ಬಕ್ಕೆ ಅವರಿಲ್ಲ. ಅದನ್ನ ಹೇಗೆ ಹೇಳಿದರೂ ನನಗೆ ಸಮಾಧಾನವಿಲ್ಲ.

ಇನ್ನೊಂದು ಮಾತಿದೆ. ಹೇಳಬಾರದು ಅಂದುಕೊಂಡಿದ್ದೆ.

ಹೋದ ತಿಂಗಳು ಮೈಸೂರು ರಸ್ತೆಯ ಫುಟ್‌ಪಾತಿನಲ್ಲಿ ಆಟೋಗೆ ಕಾಯ್ತಿದ್ದೆ. ಆ ಕಾರು ಬಂತು. ಅದೇ ಕೆನೆ ಬಣ್ಣ, ಅದೇ ನಂಬರು. ಚಕ್ರಗಳ ಸಂದಿ ಸಂದಿಯಲ್ಲೂ ಕರಿ ಮೆತ್ತಿಕೊಂಡು ರಂಗೋಲಿಯೇ ಕಾಣ್ತಿರಲಿಲ್ಲ. ಕೈ ಎತ್ತಿದೆ. "ನಿಲ್ಲಿಸಿ, ನಿಲ್ಲಿಸಿ" ಅಂತ ಕೂಗಿಕೊಂಡು ನಾಲ್ಕು ಹೆಜ್ಜೆ ಓಡಿದೆ ಕೂಡ. ಓಡಿಸ್ತಿದ್ದವರು ಮುಂದಿನ ಬಸ್ಸಿನ ಮೇಲೆ ಕಣ್ಣಿಟ್ಟಿದ್ದರು, ಈ ಕಡೆ ನೋಡಲೇ ಇಲ್ಲ. ನಡುವೆ ಒಂದು ಲಾರಿ ಬಂತು, ಕಾರು ಹೊರಟುಹೋಯ್ತು. ಆಟೋದವನೊಬ್ಬ ನನ್ನ ಕೈ ನೋಡಿ ನಿಲ್ಲಿಸಿ, "ಎಲ್ಲಿಗೆ ಮೇಡಂ?" ಅಂದ.

ಆ ಹುಡುಗನೂ ಆವತ್ತು ಇದೇ ರಸ್ತೆಯಲ್ಲಿ, ಇದೇ ಬಸ್ಸು ಲಾರಿಗಳ ನಡುವೆ ಹೋಗಿದ್ದ. ಯಾರೂ ಕೈ ಅಡ್ಡ ಹಾಕಲಿಲ್ಲ ಅಂತ ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅವನಿಗೆ ಕಾಣದೇ ಹೋಗಿದ್ದರೆ? ಫುಟ್‌ಪಾತಿನ ಮೇಲೆ ನನ್ನ ಹಾಗೇ ಯಾರೋ ಕೈ ಎತ್ತಿಕೊಂಡು ನಿಂತಿದ್ದರೆ...