ಅಂಗೈಗೂ ಕಣ್ಣಿಗೂ ನಡುವೆ

ಮದುವೆಮನೆಯಲ್ಲಿ ಎರಡೂ ಕಡೆಯ ಬೀಗರನ್ನು ಸಾಲಾಗಿ ನಿಲ್ಲಿಸಿ, ಹಿಂದಿನ ಸಾಲಿನ ಮಾವನ ಮೀಸೆಯೂ ಎದ್ದು ಕಾಣುವಂತೆ ಫೋಟೋ ತೆಗೆಯುತ್ತಿದ್ದವನು ಮೃತ್ಯುಂಜಯ. ಅಗ್ರಹಾರದಲ್ಲಿ ಅವನದೊಂದು ಸ್ಟುಡಿಯೋ. ಅಂಥವನಿಗೆ ೧೯೯೬ರಲ್ಲಿ ಒಬ್ಬರೇ ಒಬ್ಬರ ಫೋಟೋ ತೆಗೆಯುವುದು ತಲೆನೋವಾಯಿತು.

ಬೆಲ್ಲದ ವ್ಯಾಪಾರಿ ವೃಷಭೇಂದ್ರಪ್ಪನವರು ಫೋಟೋ ಎಂದರೆ ಮಾರು ದೂರ. ಅಳಿಯುವ ದೇಹಕ್ಕೆ ಪಟ ಯಾಕೆ ಎಂದು ಮದುವೆಯಲ್ಲೂ ಬೇಡ ಅಂದಿದ್ದ ಪುಣ್ಯಾತ್ಮ. ಅರವತ್ತು ತುಂಬಿದಾಗ ಹೆಂಡತಿ ಗಿರಿಜಾಂಬಾ ಹಟ ಹಿಡಿದರು. ಕೊನೆಗೆ ಯಜಮಾನರು ಒಪ್ಪಿದರು: ಪೂಜೆಗೆ ಕೂತಾಗ, ಇಷ್ಟಲಿಂಗ ಅಂಗೈಯಲ್ಲಿರುವಾಗ, ಫ್ಲ್ಯಾಶ್ ಇಲ್ಲದೆ, ಒಂದೇ ಒಂದು.

ಕೋಣೆಯಲ್ಲಿ ಬೆಳಕು ಕಡಿಮೆ. ಮೃತ್ಯುಂಜಯ ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದು, ತೀರ ಹತ್ತಿರ ಹೋದ. ತಾನೂ ದಿನಾ ಲಿಂಗಪೂಜೆ ಮಾಡುವವನೇ. ಪೂಜೆಯಲ್ಲಿ ದೃಷ್ಟಿ ಲಿಂಗದ ಮೇಲೇ ಇರಬೇಕೆಂದು ಕಲಿತವನು ಫೋಕಸ್ಸನ್ನೂ ಅಲ್ಲಿಗೇ ಇಟ್ಟ. ಪ್ರಿಂಟಿನಲ್ಲಿ ಲಿಂಗ ಬಂತು, ಅಂಗೈಯ ಗೆರೆ ಗೆರೆಯೂ ಬಂತು. ಹಿಂದೆ ಮುಖವಿರಬೇಕಾದಲ್ಲಿ ಬರೀ ಮಬ್ಬು.

"ಲಿಂಗ ಚೆನ್ನಾಗಿ ಬಂದದೆ ಕಣಪ್ಪ, ಸಾಕು ಬುಡು," ಅಂದರು ಯಜಮಾನರು.

ಗಿರಿಜಾಂಬಾ ಸೆರಗಿನಲ್ಲಿ ಪ್ರಿಂಟ್ ಒರೆಸಿದರು, ಮತ್ತೆ ಒರೆಸಿದರು.

ಅಂಗೈಗೂ ಮುಖಕ್ಕೂ ಇದ್ದದ್ದು ಒಂದು ಮೊಳ. ಮದುವೆಮನೆಯಲ್ಲಿ ಮಾರುಗಟ್ಟಲೆ ಆಳ ನುಂಗುವ ಕ್ಯಾಮೆರಾ ಒಂದು ಮೊಳಕ್ಕೆ ಸೋತದ್ದು ಹೇಗೆ? ಮೃತ್ಯುಂಜಯ ಮನೆಗೆ ಬಂದು ಹೆಂಡತಿ ಶಾರದಳ ಅಂಗೈಗೆ ನಿಂಬೆಹಣ್ಣು ಕೊಟ್ಟು, ಪೂಜೆಗೆ ಕೂತಂತೆ ಕೂರಿಸಿದ.

"ನಿಂಬೆಹಣ್ಣು ಬೇಕಾ, ನಾನು ಬೇಕಾ ಹೇಳ್ರೀ," ಅಂದಳು ಅವಳು.

"ಎರಡೂ ಬೇಕು ಕಣೇ!"

ತೆಗೆದ, ತೊಳೆದ, ನೋಡಿದ. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಬರುವ ಆಳ ತೆಳುವಾಗುತ್ತಿತ್ತು. ಹಿಂದೆ ಸರಿದು, ಲೆನ್ಸಿನ ಬಾಯಿ ಕಿರಿದು ಮಾಡಿದರೆ ಅದು ಹೆಚ್ಚುತ್ತಿತ್ತು. ಬೆಳಕು ಸಾಲದ್ದಕ್ಕೆ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕಿತ್ತು. ಇಷ್ಟು ಅರ್ಥವಾಯಿತು. ಆದರೆ ಫೋಕಸ್ಸನ್ನು ನಿಂಬೆಹಣ್ಣಿಗೂ ಇಡದೆ, ಶಾರದಳಿಗೂ ಇಡದೆ, ನಡುವೆ ಏನೂ ಇಲ್ಲದ ಕಡೆ ಇಟ್ಟಾಗ ಮಾತ್ರ ಎರಡೂ ಸರಿ ಬಂದವು. ಗಾಳಿಗೆ ಗುರಿಯಿಡುವುದು ಯಾವ ನ್ಯಾಯ? ಅದು ಮಾತ್ರ ಅವನ ತಲೆಗೆ ಹತ್ತಲೇ ಇಲ್ಲ.

ಅಳುಕುತ್ತಲೇ ಹೋಗಿ ಇನ್ನೊಂದು ಸಲ ಕೂರಿ ಎಂದು ಕೇಳಿದ.

"ಒಂದೇ ಅಂದಿದ್ದೆ ಕಣಪ್ಪ," ಅಂದರು ವೃಷಭೇಂದ್ರಪ್ಪ.

ಗಿರಿಜಾಂಬಾ ತಡೆಯಲಾರದೆ ಅಂದರು: "ಲಿಂಗ ನನ್ನ ಕೊರಳಲ್ಲೂ ಐತೆ ಕಣ್ರೀ. ನಂಗೆ ನಿಮ್ಮ ಮುಖ ಬೇಕು."

ಯಜಮಾನರು ತಬ್ಬಿಬ್ಬಾದರು. ಎದ್ದು ಹೋಗಿ ಪೂಜೆಗೆ ಕೂತರು.

ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಪಕ್ಕದಲ್ಲಿ ಗಿರಿಜಾಂಬಾ. ಮೃತ್ಯುಂಜಯ ಗಾಳಿಗೇ ಫೋಕಸ್ ಇಟ್ಟ. ಒತ್ತುವವರೆಗೆ ಲೆನ್ಸಿನ ಬಾಯಿ ಕಿರಿದಾಗುವುದಿಲ್ಲ, ಹಾಗಾಗಿ ಕ್ಯಾಮೆರಾದೊಳಗೆ ನೋಡಿದರೆ ಲಿಂಗವೂ ಮಬ್ಬು, ಮುಖವೂ ಮಬ್ಬು. ಏನು ಬರುತ್ತದೋ ಏನೋ ಎಂದು ದೇವರ ಮೇಲೆ ಭಾರ ಹಾಕಿ ಒತ್ತಿದ.

ತೊಳೆದಾಗ ಎರಡೂ ಸ್ಪಷ್ಟವಾಗಿ ಬಂದಿದ್ದವು. ಆದರೆ ಯಜಮಾನರ ಕಣ್ಣು ಲಿಂಗದ ಮೇಲಿರಲಿಲ್ಲ. ಕ್ಯಾಮೆರಾದ ಪಕ್ಕಕ್ಕೆ ನೋಡುತ್ತಿತ್ತು. ಪೂಜೆಯ ಫೋಟೋ ಕೆಟ್ಟಿತೆಂದು ಮೃತ್ಯುಂಜಯ ಹೆದರಿಕೊಂಡೇ ಕೊಟ್ಟ.

ಗಿರಿಜಾಂಬಾ ಬಹಳ ಹೊತ್ತು ನೋಡಿದರು. "ನಾನಲ್ಲೇ ನಿಂತಿದ್ದೆ, ಇವರು ನೋಡಿದ್ದು ಗೊತ್ತೇ ಆಗಲಿಲ್ಲವಲ್ಲಪ್ಪ," ಅಂದರು.