ಆಲೂಗಡ್ಡೆ ಗೋದಾಮಿನಲ್ಲಿ ತೆಗೆದ ಸಿನಿಮಾ

ಊಟಕ್ಕೆ ಕೂತಾಗಲೂ ಅವನ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿಕೊಂಡು ಹೊಳೆನರಸೀಪುರದ ಅರ್ಧ ಊರಿನ ಮದುವೆಗಳನ್ನು ತೆಗೆದ ಅಭ್ಯಾಸ ಅದು. ನಾವೆಲ್ಲ ಅವನನ್ನು ಸ್ಟುಡಿಯೋ ಅಣ್ಣ ಎನ್ನುತ್ತಿದ್ದೆವು. ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋದ ನನ್ನನ್ನು ದಿಟ್ಟಿಸಿ, "ಕಾಲೇಜು ನಾಟಕದಾಗೆ ಅತ್ತೋಳು ನೀನೇ ತಾನೆ? ಒಂದು ಸಿನಿಮಾ ಮಾಡೀಯೇನವ್ವ?" ಎಂದು ಕೇಳಿದ. ನಾನು ನಕ್ಕೆ. ಅವನು ನಗಲಿಲ್ಲ.

ಅರಕಲಗೂಡಿನ ಹತ್ತಿರದ ಒಂದು ಪಂಪ್‌ಹೌಸಿನಲ್ಲಿ ಆ ಸಿನಿಮಾ ತೆಗೆದೆವು. ಆಕಾಶದಿಂದ ಇಳಿದ ಏನೋ ಒಂದು ಹೊರಗೆ ಓಡಾಡುತ್ತಿದೆ, ಒಳಗೆ ಮೂವರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಅಷ್ಟೇ ಕತೆ. ಹೊರಗಿನದು ಕೊನೆಯವರೆಗೂ ಕಾಣುವುದಿಲ್ಲ, ಅದರ ಉಸಿರು ಮಾತ್ರ ಕೇಳಿಸುತ್ತದೆ. ಆ ಉಸಿರು ಅಣ್ಣನ ಎಮ್ಮೆಯದು ಎಂದು ಯಾರಿಗೂ ತಿಳಿಯಲಿಲ್ಲ. ನೆಟ್ಟಿಗೆ ಹಾಕಿದ ಮೇಲೆ ಬಸ್ಸಿನಲ್ಲಿ ಜನ ನನ್ನನ್ನು ಗುರುತು ಹಿಡಿಯತೊಡಗಿದರು.

ಎರಡನೆಯ, ಮೂರನೆಯ ಭಾಗಗಳಿಗೆ ಹಾಸನದ ಒಬ್ಬರು ದುಡ್ಡು ಹಾಕಿದರು. ಡ್ರೋನ್ ಬಂತು, ಹಾರುವ ತಟ್ಟೆಗಳು ಬಂದವು, ಸೈನ್ಯ ಬಂತು. ಮೂರನೆಯದರಲ್ಲಿ ಹೊಳೆದಂಡೆಯಲ್ಲಿ ಊರಿಗೆ ಊರೇ ಓಡಬೇಕಿತ್ತು. ಆ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸು ಕೆಳಗೆ ಬಿದ್ದಳು, ಅವಳ ಕೈಮೇಲೆ ಜನ ಹಾದುಹೋದರು. ಮಾನಿಟರ್ ಮುಂದೆ ಕೂತಿದ್ದ ಅಣ್ಣ "ಸೂಪರ್!" ಎಂದು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಅವಳ ಕೈ ಮುರಿದಿತ್ತು.

"ಆಯಮ್ಮ ನಿಜವಾಗ್ಲೂ ಅರಚ್ತಿದ್ಲು ಕಣವ್ವ. ನಾನು ಚೆಂದಾಗಿ ಮಾಡ್ತಾವ್ಳೆ ಅಂದ್ಕಂಡೆ," ಎಂದ ಅವತ್ತು ಸಂಜೆ. ಆಮೇಲೆ ಬಹಳ ಕಾಲ ಮದುವೆ ಬಿಟ್ಟು ಬೇರೇನನ್ನೂ ತೆಗೆಯಲಿಲ್ಲ.

ಮತ್ತೆ ಕರೆದಾಗ ಅವನ ಕೈಯಲ್ಲಿ ಇದ್ದದ್ದು ನಾಲ್ಕನೆಯ ಭಾಗಕ್ಕೆ ಒಂದು ಪುಟ್ಟ ಕತೆ. ಒಂದು ಕೋಣೆ, ಇಬ್ಬರು ಮನುಷ್ಯರು, ಒಂದು ಬಾಗಿಲು. ದುಡ್ಡು ಹಾಕುವವರು ಬೇಡವೆಂದಿದ್ದ. "ಈ ಸಲ ನಂಗೆ ಮುಖ ಕಾಣ್ಬೇಕು," ಎಂದ.

ಹಾಸನದ ಹೊರಗೆ ಮುಚ್ಚಿಹೋಗಿದ್ದ ಒಂದು ಕೋಲ್ಡ್ ಸ್ಟೋರೇಜ್ ಸಿಕ್ಕಿತು. ಹಿಂದೆ ಆಲೂಗಡ್ಡೆ ತುಂಬುತ್ತಿದ್ದ ಕೋಣೆ. ಮೊಳದಷ್ಟು ದಪ್ಪದ ಗೋಡೆ, ಕಿಟಕಿಯಿಲ್ಲ. ನನ್ನ ಜೊತೆ ನಟಿಸಲು ನುಗ್ಗೇಹಳ್ಳಿಯ ಯಜಮಾನರು ಬಂದಿದ್ದರು. ವಯಸ್ಸಾದ ರಂಗನಟ, ದಮ್ಮಿನ ಕಾಯಿಲೆಯವರು. ಶಬ್ದವಾಗಬಾರದೆಂದು ಮೂವರೂ ಮೊಬೈಲು, ಚೀಲಗಳನ್ನು ಹೊರಗೆ ವಾಚ್‌ಮನ್ ಹತ್ತಿರ ಇಟ್ಟೆವು. ದಮ್ಮು ಬಂದಾಗ ಯಜಮಾನರು ಬಾಯಿಗಿಟ್ಟು ಒತ್ತಿಕೊಳ್ಳುವ ಪಂಪು ಕೂಡ ಅವರ ಚೀಲದಲ್ಲೇ ಇತ್ತು. "ಒಳಗೆ ಎಷ್ಟೇ ಕೂಗಾಡಿದ್ರೂ ಬಾಗಿಲು ತೆಗೀಬ್ಯಾಡ," ಎಂದು ಅಣ್ಣ ವಾಚ್‌ಮನ್‌ಗೆ ಎರಡೆರಡು ಸಲ ಹೇಳಿದ.

ದೃಶ್ಯ ಮುಗಿಯಿತು. ನಾನು ಹೋಗಿ ಬಾಗಿಲಿನ ಹಿಡಿ ಎಳೆದೆ. ತುಕ್ಕು ಹಿಡಿದ ಹಿಡಿ ಕಿತ್ತು ಕೈಗೆ ಬಂತು.

ಮೊದಲು ನಕ್ಕೆವು. ಆಮೇಲೆ ತಟ್ಟಿದೆವು, ಒದ್ದೆವು, ಗಂಟಲು ಹರಿಯುವಂತೆ ಕೂಗಿದೆವು. ಬಾಗಿಲು ಅಲ್ಲಾಡಲಿಲ್ಲ. ಯಜಮಾನರು ಗೋಡೆಗೆ ಒರಗಿ ಕೂತುಬಿಟ್ಟರು. ಅವರ ಎದೆಯೊಳಗಿಂದ ಸೀಟಿಯಂಥ ಸದ್ದು ಬರತೊಡಗಿತು.

"ಪಂಪು..." ಎಂದರು ಕಷ್ಟಪಟ್ಟು.

ತಿರುಗಿ ನೋಡಿದರೆ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ಅಣ್ಣ, ಅದು ಓಡ್ತಾ ಇದ್ಯಾ?"

ಅಣ್ಣ ಕ್ಯಾಮೆರಾದತ್ತ ನೋಡಿದ. ನನ್ನ ಮುಖದಲ್ಲಿ ಆಗ ಇದ್ದ ಭಯ ಅವನಿಗೆ ಬೇಕಾಗಿದ್ದುದೇ. ಬೆಳಗಿನಿಂದ ನಾನು ಎಷ್ಟು ಸಲ ಮಾಡಿದರೂ ಅದು ಬಂದಿರಲಿಲ್ಲ. ಅವನು ಹೋಗಿ ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡ.

"ಇದು ಸೂಟಿಂಗ್ ಅಲ್ಲ. ಇದನ್ನ ನಾನು ತೆಗ್ಯಾಕಿಲ್ಲ," ಎಂದ. ಯಜಮಾನರ ಅಂಗಿಯ ಗುಂಡಿ ಬಿಚ್ಚಿ, ಅವರನ್ನು ಮುಂದಕ್ಕೆ ಬಾಗಿಸಿ ಕೂರಿಸಿದ. "ಎದ್ರುಕೋಬ್ಯಾಡಿ ಯಜಮಾನ್ರೇ. ನನ್ನ ಜೊತೆ ಮೆತ್ತಗೆ ಉಸಿರು ಬುಡಿ."

ನಾನು ಮತ್ತೆ ಬಾಗಿಲು ಬಡಿಯಲು ಹೋದೆ. ಅವನು ನನ್ನ ಕೈ ಹಿಡಿದುಕೊಂಡ.

"ಸುಮ್ಕಿರವ್ವ. ನಾವು ಕೂಗಿದಷ್ಟೂ ಅವನು ಆಕ್ಟಿಂಗ್ ಅಂದ್ಕತಾನೆ."

ಬಾಗಿಲಿನ ಕೆಳಮೂಲೆಯಲ್ಲಿ ರಬ್ಬರು ಹರಿದು ಸಣ್ಣ ಸಂದಾಗಿತ್ತು. ಅಣ್ಣ ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಸಂದಿಗೆ ಬಾಯಿಟ್ಟ. ಅವನೂ ಬೆವೆತಿದ್ದ, ಬೆನ್ನು ಏರಿಳಿಯುತ್ತಿತ್ತು. ಆದರೆ ದನಿ ಮಾತ್ರ ಜಗಲಿಯ ಮೇಲೆ ಕೂತು ಮಾತಾಡುವವನದು.

"ಏನಪ್ಪ, ಊಟ ಆಯ್ತಾ?"

ಯಜಮಾನರ ಸೀಟಿ ಇನ್ನೂ ಸಣ್ಣಗಾಯಿತು. ಅಣ್ಣ ಗಂಟಲು ಸರಿಮಾಡಿಕೊಂಡು ಅದೇ ದನಿಯಲ್ಲಿ ಮತ್ತೆ ಕೇಳಿದ.

"ಇವತ್ತು ಏನ್ ಮಾಡವ್ರೆ ಮನೇಲಿ?"

ಹೊರಗೆ ಚಪ್ಪಲಿ ಸರಿದ ಸದ್ದು. "ಮುದ್ದೆ, ಉಪ್ಸಾರು ಸಾ. ಆಗ್ಲಿಂದ ಕೂಗಾಡ್ತಿದ್ರಿ, ಎಂಗಾಯ್ತು ಸೂಟಿಂಗು?"

"ಮುಗೀತು. ಬಾಗಿಲು ತೆಗಿ. ಯಜಮಾನ್ರ ಚೀಲ ತತ್ತಾ."

ಬಾಗಿಲು ತೆರೆಯಿತು. ಬಿಸಿಲಿನಲ್ಲಿ ಕೂತು ಪಂಪು ಒತ್ತಿಕೊಂಡ ಮೇಲೆ ಯಜಮಾನರ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಅಣ್ಣ ದೂರ ಹೋಗಿ ಬೇಲಿ ಹಿಡಿದು ನಿಂತಿದ್ದ. ನಾನು ಹತ್ತಿರ ಹೋದಾಗ ಅವನು ಅಳುತ್ತಿದ್ದ.

ಆ ಕೋಣೆಗೆ ಇನ್ನು ಕಾಲಿಡುವುದಿಲ್ಲ ಎಂದೆ. "ನೀನು ಬರ್ದೇ ಇದ್ರೆ ಸಿನಿಮಾ ಇಲ್ಲ, ಅಷ್ಟೇಯ. ಬೇಜಾರಿಲ್ಲ," ಎಂದ. ಕೊನೆಗೆ ನಾನೇ ಹೋದೆ. ಹೋಗಿ ನೋಡಿದರೆ ಬಾಗಿಲೇ ಇರಲಿಲ್ಲ; ಬುಡಸಮೇತ ಬಿಚ್ಚಿಸಿ ಅಂಗಳದ ಗೋಡೆಗೆ ಒರಗಿಸಿದ್ದ. ಉಳಿದ ದೃಶ್ಯಗಳನ್ನೆಲ್ಲ ಕಪ್ಪು ಬಟ್ಟೆ ಇಳಿಬಿಟ್ಟು ತೆಗೆದ. ನಾನು ಬೆಳಗಿನಿಂದ ಸಂಜೆಯವರೆಗೂ ಹೆದರಿದಂತೆ ನಟಿಸಿದೆ. ನಾಲ್ಕನೆಯ ಭಾಗ ನೋಡಿದವರು ಮೊದಲನೆಯದಕ್ಕಿಂತ ಹೆಚ್ಚು ಹೆದರಿದೆವು ಎಂದರು.

ಮರುವರ್ಷ ಚನ್ನರಾಯಪಟ್ಟಣದ ಕಲ್ಯಾಣಮಂಟಪವೊಂದರಲ್ಲಿ, ಧಾರೆ ಮುಗಿದ ಮೇಲೆ, ಅಣ್ಣ ಕ್ಯಾಮೆರಾ ಕೆಳಗಿಟ್ಟು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಹೃದಯ ನಿಂತಿತ್ತು. ಮಣ್ಣಿಗೆ ಬಂದಿದ್ದ ಯಜಮಾನರು ನನ್ನ ಭುಜ ಹಿಡಿದುಕೊಂಡು, "ನಂಗಿಂತ ಚಿಕ್ಕೋನು ಕಣವ್ವ," ಎಂದಷ್ಟೇ ಹೇಳಿದರು.

ಈಗ ನಾನು ಧಾರಾವಾಹಿಗಳಲ್ಲಿ ನಟಿಸುತ್ತೇನೆ. ಈಚೆಗೆ ಕಾರು ಕೆರೆಗೆ ಬೀಳುವ ದೃಶ್ಯವೊಂದರಲ್ಲಿ ಸೀಟ್ ಬೆಲ್ಟ್ ಬಿಚ್ಚಲಾಗಲಿಲ್ಲ, ನೀರು ಎದೆಯವರೆಗೆ ಬಂತು. ನಾನು ಕೈಯೆತ್ತಿ ನಿಲ್ಲಿಸಿ ಎಂದೆ. ಚೆನ್ನಾಗಿ ಬರುತ್ತಿತ್ತಲ್ಲ ಮೇಡಂ ಎಂದು ನಿರ್ದೇಶಕರು ಕೋಪ ಮಾಡಿಕೊಂಡರು. ಮಾಡಿಕೊಳ್ಳಲಿ. ನಾನು ನಟಿಸುವ ಭಯ ಅವರದು, ಎಷ್ಟು ಬೇಕಾದರೂ ತೆಗೆದುಕೊಳ್ಳಲಿ. ನಿಜವಾದ ಭಯ ನನ್ನದು, ಅದನ್ನು ಕೊಡಬೇಕಾಗಿಲ್ಲ ಎಂದು ನನಗೆ ಗೊತ್ತಿತ್ತು. ಹಾಗೆ ಗೊತ್ತಿರುವುದು ಅಣ್ಣನಿಂದ.